ನೀರು ಕೇಳಲು ಬಂದವರು

ನನ್ನ ದನಿ ದೊಡ್ಡದು. ಹುಟ್ಟಿನಿಂದ ಬಂದದ್ದಲ್ಲ, ಬನಹಟ್ಟಿಯ ಸೊಸೆಯಾದ ಮೇಲೆ ಬಂದದ್ದು. ಜಮಖಂಡಿಯ ನನ್ನ ತವರಿನಲ್ಲಿ ಅಪ್ಪ ಕಚೇರಿಗೆ ಹೋಗುವ ಮನುಷ್ಯ. ಅಲ್ಲಿ ಮಾತು ಮೆತ್ತಗೆ, ನಗು ಮೆತ್ತಗೆ, ಜಗಳವೂ ಮೆತ್ತಗೆ. ಗಂಡನ ಮನೆಯಲ್ಲಿ ಪಡಸಾಲೆಯ ತುಂಬ ಪಾವರ್‌ಲೂಮುಗಳು. ನಮ್ಮದೊಂದೇ ಅಲ್ಲ, ಓಣಿಯ ಎಲ್ಲ ಮನೆಗಳದೂ ಅದೇ ಪಾಡು. ಬೆಳಿಗ್ಗೆ ಖಟಖಟ ಶುರುವಾಯಿತೆಂದರೆ "ಚಾ ಆತೇನ?" ಎಂದು ಕೇಳುವುದಕ್ಕೂ ಒದರಬೇಕು. ಮದುವೆಯಾದ ಹೊಸದರಲ್ಲಿ, ಇವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆಂದು ತಿಳಿದು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಆಮೇಲೆ ನಾನೂ ಒದರಲು ಕಲಿತೆ, ಕಲಿಸಿದವರಿಗಿಂತ ಚೆನ್ನಾಗಿಯೇ ಕಲಿತೆ.

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳಿಗೆ ಏರಿಬರುತ್ತಿದ್ದ ವರ್ಷಗಳವು. ನಮ್ಮ ಪಕ್ಕದ ಮನೆಗೆ ಗಲಗಲಿ ಕಡೆಯ ಹೊಳೆದಂಡೆಯಿಂದ ಒಂದು ಸಂಸಾರ ಬಾಡಿಗೆಗೆ ಬಂತು. ಗಂಡ, ಹೆಂಡತಿ, ಮದುವೆಗೆ ಬಂದ ಒಬ್ಬಳೇ ಮಗಳು. ಹೊಲವೂ ಮನೆಯೂ ನೀರಿನಡಿ ಹೋಗಿದ್ದವು. ಗಂಡ ಬೇರೆಯವರ ಮಗ್ಗ ನಡೆಸಲು ಹೋಗುತ್ತಿದ್ದ. ಮಗಳು ನಮ್ಮಲ್ಲಿಗೆ ಕಂಡಿಕೆ ಸುತ್ತಲು ಬರುತ್ತಿದ್ದಳು. ಲಾಳಿಯೊಳಗೆ ಕೂರಿಸುವ ಪುಟ್ಟ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸ ಅದು. ತಾಯಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ, ಆಕೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ನನ್ನ ಅತ್ತೆ ಮಾತ್ರ ಬೆನ್ನ ಹಿಂದೆ "ಹೊಳಿದಂಡಿಯಾಕಿ" ಎನ್ನುತ್ತಿದ್ದರು, ಎದುರಿಗೆ ಏನೂ ಅನ್ನುತ್ತಿರಲಿಲ್ಲ.

ಅತ್ತೆಯ ಸಿಟ್ಟಿಗೆ ಕಾರಣ ಹಕ್ಕಿಗಳು. ಅಕ್ಕ ತನ್ನ ಮನೆಯ ಮುಂದಿನ ತಗಡಿನ ಕೆಳಗೆ ಜೋಳದ ತೆನೆಗಳ ಒಂದು ಕಟ್ಟು ತೂಗುಹಾಕಿದ್ದಳು. ಊರಾಚೆಯ ಹೊಲಗಳಿಂದ ಪುಟ್ಟ ಹಕ್ಕಿಗಳ ಗುಂಪು ಅದಕ್ಕೆ ಬರುತ್ತಿತ್ತು. ಮನೆಗುಬ್ಬಿಗಿಂತ ಚಿಕ್ಕವು, ಒಣಹುಲ್ಲಿನ ಬಣ್ಣ, ಬಿಳಿ ಹೊಟ್ಟೆ, ಚೂಪಾದ ಕಪ್ಪು ಬಾಲ, ಮೈಗೆ ಹೋಲಿಸಿದರೆ ದಪ್ಪನೆಯ ಕೊಕ್ಕು. ಪುಸ್ತಕಗಳಲ್ಲಿ ಇವಕ್ಕೆ ರಾಟವಾಳ ಎಂಬ ಹೆಸರಿದೆ. ನಮ್ಮ ಓಣಿಯಲ್ಲಿ ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಅಕ್ಕ "ಹೊಲದ ಗುಬ್ಬಿ" ಎನ್ನುತ್ತಿದ್ದಳು. ಅವಳ ಊರಿನ ಜಾಲಿಗಿಡಗಳಲ್ಲಿ ಅವುಗಳ ಹುಲ್ಲಿನ ಗೂಡುಗಳಿದ್ದವಂತೆ. ಕತ್ತಲಾದರೆ ಒಂದೇ ಗೂಡಿನೊಳಗೆ ಐದಾರು ಒತ್ತಿಕೊಂಡು ಮಲಗುತ್ತಿದ್ದವಂತೆ. "ಜಾಗಾ ಇಲ್ಲ ಅನ್ನೂದಿಲ್ರಿ ವೈನಿ, ಬಂದದ್ದಕ್ಕ ಸರದ ಜಾಗಾ ಮಾಡ್ತಾವ" ಎಂದು ಹೇಳುವಾಗ ಅವಳ ಮುಖ ಸಡಿಲಾಗುತ್ತಿತ್ತು. ಊರಿನ ಮಾತು ಬಂದಾಗಲೆಲ್ಲ ಹಾಗೇ.

ಆದರೆ ಆ ಹಕ್ಕಿಗಳು ತೆನೆ ತಿಂದು ಬಂದು ಕೂರುತ್ತಿದ್ದದ್ದು ನಮ್ಮ ಬಾಗಿಲ ಮುಂದಿನ ಗಳದ ಮೇಲೆ. ಅದರ ಮೇಲೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಗಹಾಕುತ್ತಿದ್ದೆವು. ಕೆಂಪು ನೂಲಿನ ಮೇಲೆ ಬಿಳಿ ಹಿಕ್ಕೆ ಬಿದ್ದರೆ ಅತ್ತೆಯ ಬಾಯಿ ಶುರು: "ಊಟಕ್ಕ ತನ್ನ ಮನಿಗೆ ಕರೀತಾಳ, ಬಯಲಕಡಿಗೆ ನಮ್ಮ ಮನಿಗೆ ಕಳಸ್ತಾಳ!" ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಅದು ಅಕ್ಕನ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ಚಳಿಗಾಲ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದರು. ಬಗ್ಗಬೇಡಿ, ಒಲೆಯ ಮುಂದೆ ಕೂರಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ದಿನವಿಡೀ ಓಣಿಯನ್ನು ಕಾಯುವ ಹೆಂಗಸಿಗೆ ಕಣ್ಣು ಕಟ್ಟಿ ಕೂರಿಸಿದರೆ ಹೇಗೆ? ಮನೆಯೊಳಗೆ ಎಲ್ಲರ ಜೀವ ತಿನ್ನತೊಡಗಿದರು. ಕೊನೆಗೆ ತಾವೇ ದಾರಿ ಹೇಳಿದರು: "ನೀ ಒಲಿ ಮ್ಯಾಲ ಹಾಲ ಉಕ್ಕಿದ್ರೂ ಎದ್ದ ನೋಡಲಾರದಂಗ ಓದ್ತೀಯಲ್ಲ, ಅದರಾಗ ಏನ ಐತಿ ನನಗೂ ಓದಿ ಹೇಳ."

ಊರಿನ ವಾಚನಾಲಯದಿಂದ ತಂದ ಒಂದು ಹಳೆಯ, ದಪ್ಪ ಕಾದಂಬರಿ ನನ್ನ ಹತ್ತಿರವಿತ್ತು. ಓದಿದವರೆಲ್ಲ ದೊಡ್ಡ ಕೃತಿಯೆಂದು ಹೊಗಳುವಂಥದು. ಒಳ್ಳೆಯ ಮನೆತನವೊಂದು ನಿಧಾನಕ್ಕೆ ಮುರಿದುಬೀಳುವ ಕತೆ. ಆ ಮನೆಯವರಿಗೆಲ್ಲ ಹೆಸರುಗಳಿದ್ದವು. ನೆರೆಹೊರೆಯವರಿಗೆ ಮಾತ್ರ ಇರಲಿಲ್ಲ. ಪಕ್ಕದ ಮನೆಯವಳು, ಎದುರು ಮನೆಯವಳು, ಬಾವಿಕಟ್ಟೆಯವರು, ಅಷ್ಟೇ. ಪಕ್ಕದ ಮನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಮನೆಯ ಗುಟ್ಟು ಒಯ್ಯುವವಳು. ಅತ್ತೆಗೆ ಮುರಿದ ಮನೆತನದ ಚಿಂತೆ ಎಳ್ಳಷ್ಟೂ ಇರಲಿಲ್ಲ. ಅವರಿಗೆ ಬೇಕಾದದ್ದು ಆ ಪಕ್ಕದ ಮನೆಯವಳು. ಅವಳು ಬಂದಳೆಂದರೆ ಹಾಸಿಗೆಯಲ್ಲಿ ಎದ್ದು ಕೂತು, "ಬಂದ್ಲ ನೋಡ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ಓದ್, ಏನಂದ್ಲು?" ಎನ್ನುವರು. ನಾನು ಮಗ್ಗಗಳ ಸದ್ದನ್ನು ಮೀರಿ, ನಾಟಕದವರ ಹಾಗೆ ದನಿ ಏರಿಸಿ ಇಳಿಸಿ ಒದರುತ್ತ ಓದುತ್ತಿದ್ದೆ. ನಿಜ ಹೇಳುತ್ತೇನೆ, ನನಗೂ ಅದರಲ್ಲಿ ಬಹಳ ಖುಷಿಯಿತ್ತು.

ಅದೇ ದಿನಗಳಲ್ಲಿ ಅಕ್ಕನ ಮಗಳನ್ನು ನೋಡಲು ಹುನ್ನೂರಿನಿಂದ ಬರುತ್ತಾರೆಂಬ ಸುದ್ದಿ ಬಂತು. ಹೊಲವಿದ್ದ ಮನೆ. ತಾನು ಕಳೆದುಕೊಂಡ ಮಣ್ಣು ಮಗಳಿಗಾದರೂ ಸಿಗಲಿ ಎಂಬುದು ಅಕ್ಕನ ಆಸೆ. ಅದನ್ನು ಅವಳು ಬಾಯಿಬಿಟ್ಟೇ ಹೇಳಿದ್ದಳು: "ನನ ಮಗಳು ಮಗ್ಗದ ಮನ್ಯಾಗ ಕಿವುಡಿ ಆಗೂದು ಬ್ಯಾಡ್ರಿ ವೈನಿ. ಹೊಲದ ಮನಿ ಸಿಕ್ಕರ ಸಾಕು." ಆ ದಿನ ಬೆಳಿಗ್ಗೆ ನಮ್ಮ ಮನೆಯ ಸ್ಟೀಲಿನ ತಾಟು, ಕಪ್ಪುಗಳನ್ನು ಒಯ್ದಳು. ಸಂಜೆಗೆ ಬರುತ್ತಾರೆ ಎಂದಿದ್ದಳು. ಅವರು ಮಧ್ಯಾಹ್ನಕ್ಕೇ ಬಂದುಬಿಟ್ಟರು. ಮಗ್ಗಗಳ ಗದ್ದಲದಲ್ಲಿ ನಮಗೆ ಗೊತ್ತೇ ಆಗಲಿಲ್ಲ.

ನಾನು ಓದುತ್ತಿದ್ದೆ. ಕತೆಯಲ್ಲಿ ಆ ಮನೆಯ ಹುಡುಗಿಯನ್ನು ನೋಡಲು ಗಂಡಿನವರು ಬಂದಿದ್ದಾರೆ, ಪಕ್ಕದ ಮನೆಯವಳು ಅವರನ್ನು ಬೀದಿಯಲ್ಲಿ ತಡೆದು ಚಾಡಿ ಹೇಳುತ್ತಿದ್ದಾಳೆ. ಅತ್ತೆ ಉಸಿರು ಹಿಡಿದು ಕೂತಿದ್ದರು. ನಾನು ಇದ್ದಬದ್ದ ಶಕ್ತಿ ಹಾಕಿ ಒದರಿದೆ:

"ಆ ಮನೆಯ ಹೆಣ್ಣು ನಿಮಗೆ ಬೇಡವೇ ಬೇಡ! ತಾಯಿಯ ನಡತೆಯೇ ನೆಟ್ಟಗಿಲ್ಲ, ಮಗಳದೇನು ಕೇಳುತ್ತೀರಿ!"

'ಆ ಮನೆಯ' ಎನ್ನುವಾಗ ಮಗ್ಗ ನಡೆಯುತ್ತಿತ್ತು. 'ಬೇಡವೇ ಬೇಡ' ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಎಲ್ಲ ಮನೆಯ ಎಲ್ಲ ಮಗ್ಗಗಳೂ ಒಮ್ಮೆಗೇ ನಿಂತವು. ಉಳಿದದ್ದು ನನ್ನ ದನಿ ಒಂದೇ. ಬಾಯಿಗೆ ಸಿಕ್ಕ ವೇಗದಲ್ಲಿ ನಾನು ಆ ಸಾಲನ್ನು ಮುಗಿಸಿಯೇ ನಿಲ್ಲಿಸಿದೆ.

ಅಯ್ಯ ಶಿವನೇ! ಮಧ್ಯದ ಗೋಡೆಯಾಚೆ ಯಾರೋ ಕಪ್ಪನ್ನು ತಾಟಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಗಂಡಸರ ಕೆಮ್ಮು ಕೇಳಿಸಿತು. ಆಗ ತಿಳಿಯಿತು ನನಗೆ, ಹುನ್ನೂರಿನವರು ಬಂದು ಕೂತಿದ್ದಾರೆ. ಪುಸ್ತಕ ಮುಚ್ಚಿಬಿಟ್ಟೆ. "ಯಾಕ ನಿಂದರ್ಸಿದಿ? ಮುಂದ?" ಎಂದು ಅತ್ತೆ ಕೇಳುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಲ್ಲಿ ಹುಡುಗನ ತಾಯಿ ಮತ್ತು ಒಬ್ಬ ಹಿರಿಯರು. "ಒಂದ ತಂಬಗಿ ನೀರ ಕೊಡ್ರಿ ಯವ್ವಾ." ಕನ್ಯೆಯ ಮನೆಯಲ್ಲಿ ಚಹ ಕುಡಿದು ಬಂದವರಿಗೆ ನೀರಡಿಕೆ ಎಲ್ಲಿಂದ ಬರಬೇಕು? ನಮ್ಮ ಕಡೆ ಇದೊಂದು ಪದ್ಧತಿ. ಸಂಬಂಧ ಮಾಡುವ ಮೊದಲು ಆಜೂಬಾಜೂ ಕೇಳುತ್ತಾರೆ, ನೀರು ಅದಕ್ಕೊಂದು ನೆಪ. ನೆರೆಯವರು ತಂಬಿಗೆ ಕೊಡುತ್ತ, "ಬಂಗಾರದಂಥ ಮಂದಿ ರೀ, ಕಣ್ಣ ಮುಚ್ಚಿ ಮಾಡ್ಕೋರಿ" ಎನ್ನಬೇಕು. ಅಷ್ಟು ಹೇಳಿದರೆ ಅರ್ಧ ಮದುವೆ ಆದ ಹಾಗೆ. ನನ್ನನ್ನು ನೋಡಲು ಬಂದಾಗ ಜಮಖಂಡಿಯ ನಮ್ಮ ನೆರೆಯವರೂ ಹಾಗೇ ಹೇಳಿದ್ದರು, ಅದಕ್ಕೇ ನಾನು ಈ ಮನೆಗೆ ಬಂದದ್ದು.

ಹುಡುಗನ ತಾಯಿ ನೀರು ಕುಡಿದ ಹಾಗೆ ಮಾಡಿ ಅತ್ತೆಯನ್ನು ಕೇಳಿದಳು, "ಬಾಜೂ ಮನಿಯವರು ಹ್ಯಾಂಗ್ರಿ ಅಕ್ಕಾರ?"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ನಮಗ್ಯಾಕ್ರೀ ಮಂದಿ ಸುದ್ದಿ" ಎಂದರು. ಅಂದು ಬೆಳಿಗ್ಗೆಯೂ ಕೆಂಪು ಲಡಿಯ ಮೇಲೆ ಹಿಕ್ಕೆ ಬಿದ್ದಿತ್ತು.

ಹುಡುಗನ ತಾಯಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಬೇಕಿತ್ತು. ಹೇಳಲು ಎಷ್ಟೋ ಇತ್ತು. ಆದರೆ ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ: ನಾನು ಒದರಿದ್ದನ್ನು ಇವಳು ಕೇಳಿದ್ದಾಳೆ. ನಾಚಿಕೆಯಿಂದ ತಲೆ ಬಗ್ಗಿಸಿ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ಒಳಗೆ ಹೋದೆ.

ವಾರದೊಳಗೆ ಮಧ್ಯಸ್ಥರ ಕೈಯಲ್ಲಿ 'ಯೋಗ ಕೂಡಿ ಬರಲಿಲ್ಲ' ಎಂಬ ಮಾತು ಬಂತು. ಮಗಳು ಕಂಡಿಕೆ ಸುತ್ತಲು ಬರುವುದನ್ನು ಬಿಟ್ಟಳು. ತಾಟು, ಕಪ್ಪುಗಳು ತೊಳೆದು ಒರೆಸಿದ ಹಾಗೇ ನಮ್ಮ ಕಟ್ಟೆಯ ಮೇಲೆ ಬಂದು ಕೂತಿದ್ದವು, ತಂದಿಟ್ಟವರು ಒಳಗೆ ಬಂದಿರಲಿಲ್ಲ. ನಾನು ಕಾದಂಬರಿ ಹಿಡಿದುಕೊಂಡು ಅಕ್ಕನ ಮನೆಗೆ ಓಡಿದೆ. ಆ ಪುಟ ತೆಗೆದು ಹುಡುಗಿಯ ಮುಂದೆ ಹಿಡಿದೆ. ಅವಳು ಬೆರಳಿಟ್ಟು ಓದಿ, "ಹೌದಬೇ, ಪುಸ್ತಕದಾಗ ಐತಿ" ಎಂದು ತಾಯಿಗೆ ಹೇಳಿದಳು.

ಅಕ್ಕ ಉದ್ದಕ್ಕೆ ಉಸಿರು ಬಿಟ್ಟಳು. ನನ್ನ ಮೇಲಿದ್ದ ಸಿಟ್ಟು ಆ ಕ್ಷಣವೇ ಹೋದದ್ದು ಕಾಣಿಸಿತು. "ನಾ ಅಂದಿದ್ದೆ ನೋಡ್ರಿ, ನಮ್ಮ ವೈನಿ ಹಂಗನ್ನಾಕಿ ಅಲ್ಲ ಅಂತ. ಆದ್ರ ನನಗ ತೋರಸಿ ಏನ ಮಾಡೂದ್ರಿ? ತೋರಸೂದು ಅವರಿಗೆ."

ಗಂಡನಿಗೆ ಹೇಳಿದರೆ, "ಹೋಗ, ಅಲ್ಲೂ ಒದರಿ ಬಾ" ಎಂದು ನಕ್ಕರು. ನಾನು ಅತ್ತೆಗೆ ತವರಿಗೆಂದು ಹೇಳಿ ಜಮಖಂಡಿಗೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ಹುನ್ನೂರಿಗೆ ಹೋದೆ. ಗುರುತಿಲ್ಲದ ಮನೆ ಹುಡುಕಿಕೊಂಡು ಒಬ್ಬಳೇ ಹೊರಟ ಸೊಸೆಯನ್ನು ಜನ ಏನೆಂದುಕೊಂಡಾರು ಎಂದು ಸೆರಗು ತಲೆತುಂಬ ಹೊದ್ದಿದ್ದೆ. ಚೀಲದಲ್ಲಿ ಕಾದಂಬರಿ. ಹುಡುಗನ ತಾಯಿ ಹೊಲದಲ್ಲಿದ್ದಾಳೆ ಎಂದು ಅವರ ಮನೆಯಲ್ಲಿದ್ದವರು ಕಳಿಸಿದರು.

ಜೋಳ ಹಾಲುಗಾಳು ದಾಟಿ ಗಟ್ಟಿಯಾಗುತ್ತಿದ್ದ ಕಾಲ. ಅವಳು ನಾಲ್ಕು ಗೂಟದ ಅಟ್ಟದ ಮೇಲೆ ಕವಣೆ ಹಿಡಿದು ನಿಂತು ಹಕ್ಕಿ ಕಾಯುತ್ತಿದ್ದಳು. ಅಕ್ಕನ ಮನೆಯ ಮುಂದೆ ಆರೆಂಟು ನೋಡಿದ್ದ ಹಕ್ಕಿಯನ್ನು ನಾನು ಅಲ್ಲಿ ಹೊಲ ತುಂಬ ನೋಡಿದೆ. ತೆನೆಗೊಂದು ಕೂತಿದ್ದವು, ಕೂತರೆ ದಂಟು ಸಹ ಬಾಗುತ್ತಿರಲಿಲ್ಲ. ಕಾಳು ಮುರಿಯುವ ಸಣ್ಣ ಸದ್ದು ಸುತ್ತಲೂ ಕೇಳುತ್ತಿತ್ತು. ಅವಳು ಒಂದು ಕಲ್ಲು ಬೀಸಿ ಒಗೆದಳು. ಗುಂಪಿಗೆ ಗುಂಪೇ ಒಟ್ಟಿಗೆ ಎದ್ದು, ಹೊಲದ ಅಂಚಿನ ಜಾಲಿಗೆ ಹೋಗಿ ಒಂದಕ್ಕೊಂದು ಮೈ ತಾಗಿಸಿ ಕೂತಿತು. ಕೂತು ಚಿಪಿಚಿಪಿ ಎಂದು ಒಂದೇ ಸಮನೆ ಮಾತು. ನಾನು ಯಾಕೆ ಬಂದೆನೆಂಬುದನ್ನು ಒಂದು ಗಳಿಗೆ ಮರೆತು ನೋಡುತ್ತ ನಿಂತೆ. ಅಕ್ಕ ಕಳೆದುಕೊಂಡದ್ದು ಇದು ಎಂದು ಆಗ ಹೊಳೆಯಿತು, ಮಗಳಿಗಾಗಿ ಕೇಳಿದ್ದೂ ಇದನ್ನೇ.

ಅವಳು ಗುರುತು ಹಿಡಿದಳು. ಅಟ್ಟದಿಂದ ಇಳಿದು, "ಬನಹಟ್ಟಿಯವರಲ್ಲ? ಬರ್ರಿ ಯವ್ವಾ" ಎಂದಳು. ನಾನು ಕಾದಂಬರಿ ತೆಗೆದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ನನಗ ಓದಾಕ ಬರೂದಿಲ್ಲ. ನೀವ ಓದ್ರಿ."

ಓದಿದೆ.

"ಹಂಗಲ್ಲ. ಅವತ್ತ ಓದಿದಂಗ ಓದ್ರಿ."

ಜೋಳದ ಹೊಲದ ನಡುವೆ ನಿಂತು, "ಆ ಮನೆಯ ಹೆಣ್ಣು ನಿಮಗೆ ಬೇಡವೇ ಬೇಡ!" ಎಂದು ಒದರಿದೆ. ಜಾಲಿಯ ಮೇಲಿನ ಹಕ್ಕಿಗಳು ಅಷ್ಟೂ ಹಾರಿಹೋದವು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀವು ಇಲ್ಲೇ ಇರ್ರಿ ಯವ್ವಾ, ನನಗ ಕವಣಿ ಬೀಸೂದು ತಪ್ಪತೈತಿ!" ನಾನೂ ನಕ್ಕೆ. ಗೆದ್ದೆ ಎಂದುಕೊಂಡೆ.

ನಗು ನಿಂತ ಮೇಲೆ ಅವಳು ಹೇಳಿದಳು: "ಇದು ಪುಸ್ತಕದ ಮಾತ ಅಂತ ನಮಗ ಅವತ್ತ ಗೊತ್ತಾಗಿತ್ತು. ಮನಿಗೆ ಬೀಗರು ಬಂದಾಗ ಗ್ವಾಡಿ ಆಚಿಂದ ಹಂಗ ಯಾರ ಒದರತಾರ? ಯಾರೋ ಸೆಲ್ಲಿನ ರೇಡಿಯೋ ಹಚ್ಯಾರ ಅಂತ ನಾವು ಒಳಗ ನಕ್ಕಿದ್ವಿ."

"ಮತ್ತ... ಯೋಗ ಇಲ್ಲ ಅಂತ ಯಾಕ ಹೇಳಿ ಕಳಿಸಿದ್ರಿ?"

ಅವಳು ನನ್ನನ್ನು ಸರಿಯಾಗಿ ನೋಡಿದಳು. ನಾನು ದಡ್ಡಿಯೋ, ಆಟ ಆಡುತ್ತಿದ್ದೇನೋ ಎಂದು ಅಳೆಯುವ ನೋಟ ಅದು. "ನೀರ ಕೇಳಾಕ ಬಂದಿದ್ವೆಲ್ಲ ಯವ್ವಾ. ನಿಮ್ಮತ್ತಿಯಾರು ಮಂದಿ ಸುದ್ದಿ ಬ್ಯಾಡ ಅಂದ್ರು. ಹ್ವಾದ್ರ ಹೋಗ್ಲಿ, ವಯಸ್ಸಾದಾರು, ಏನೋ ಸಿಟ್ಟಿರಬೇಕು ಅಂದ್ಕೊಂಡೆ. ಅದಕ್ಕ ನಿಮ್ಮ ಮಾರಿ ನೋಡಿದೆ. ನೀವು ಸಣ್ಣವರು, ಕಲ್ತವರು, ಆ ಹುಡುಗಿ ದಿನಾ ನಿಮ್ಮ ಕೂಡ ಕುಂದರತಿತ್ತಂತ. ನೀವು ಒಂದ ಮಾತ ಅಂದಿದ್ರ ಸಾಕಿತ್ತು. ನೀವು ತಲಿ ಬಗ್ಗಿಸಿ ಒಳಗ ಹ್ವಾದ್ರಿ. ಹೇಳಾಕ ನಾಚಿಕಿ ಬರೂವಂಥಾದ್ದು ಏನೋ ಐತಿ ಅಂತ ತಿಳಕೊಂಡ್ವಿ."

ನಾನು ಬಡಬಡಿಸಿದೆ: ಹಾಗಲ್ಲ, ಬಂಗಾರದಂಥ ಮಂದಿ, ಬಂಗಾರದಂಥ ಹುಡುಗಿ. ಹೇಳಬೇಕಾಗಿದ್ದ ಮಾತು ಹೊತ್ತು ಮೀರಿದ ಮೇಲೆ ಪುಂಖಾನುಪುಂಖವಾಗಿ ಬಂತು. ಅವಳು ಕೇಳಿಸಿಕೊಂಡು, ಮೆತ್ತಗೆ, "ಮುಧೋಳದಾಗ ಬ್ಯಾರೆ ಹೆಣ್ಣ ಮಾತಾಡಿ ಬಂದೇವ್ರಿ. ನಾಳೆ ಬರೂ ಸೋಮವಾರ ಸಕ್ಕರಿ ಹಂಚತೇವಿ" ಎಂದಳು. ಹುರಿದ ಹಸಿಜೋಳದ ಸೀತನಿಯನ್ನು ಮಡಿಲಿಗೆ ಹಾಕಿ ಕಳಿಸಿದಳು. ಟೆಂಪೋದಲ್ಲಿ ಅದನ್ನು ತಿನ್ನಲು ಆಗಲಿಲ್ಲ, ಪಕ್ಕದಲ್ಲಿ ಕೂತ ಅಜ್ಜಿಗೆ ಕೊಟ್ಟುಬಿಟ್ಟೆ.

ದಾರಿಯುದ್ದಕ್ಕೂ ಆ ಕಾದಂಬರಿಯ ನೆರೆಯವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವರು ಬಾಯಿಬಿಟ್ಟು ಸುಳ್ಳು ಹೇಳಿ ಮನೆ ಮುರಿದರು. ಓದಿದವರೆಲ್ಲ ಅವರನ್ನು ಬೈಯಬಹುದು, ಅತ್ತೆ ಬೈದ ಹಾಗೆ. ನಾವು ಬಾಯಿ ಮುಚ್ಚಿಕೊಂಡೇ ಕೆಲಸ ಮುಗಿಸಿದೆವು. ಅದೂ ಯಾತಕ್ಕೆ? ಒಬ್ಬರಿಗೆ ಲಡಿಯ ಮೇಲಿನ ಹಿಕ್ಕೆ, ಇನ್ನೊಬ್ಬಳಿಗೆ ತನ್ನ ಮಾನದ ಚಿಂತೆ. ಥೂ, ಆ ಹೊತ್ತಿನಲ್ಲಿ ನನಗೆ ನನ್ನ ದನಿಯದೇ ದೊಡ್ಡ ಚಿಂತೆಯಾಗಿತ್ತಲ್ಲ!

ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಅವಳು ಬಾಗಿಲಲ್ಲೇ ಕಾಯುತ್ತ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಸ್ತಿಲ ಮೇಲೆ ಕೂತು, "ಪುಸ್ತಕದ ಮಾತಿಗೆ ಸಂಬಂಧ ತಪ್ಪಿತು ಅಂತ ನಾ ಸಮಾಧಾನ ಮಾಡ್ಕೊಂಡಿದ್ದೆ ವೈನಿ. ಅದ ಇದ್ದಿದ್ರ ಛಲೋ ಇತ್ತು" ಎಂದಳು. ಒಳಗೆ ಮಗಳು ಪಾತ್ರೆ ತಿಕ್ಕುತ್ತಿದ್ದಳು, ನಡುವೆ ಕೈ ನಿಂತಿತು, ಮತ್ತೆ ಶುರುವಾಯಿತು.

ಅತ್ತೆಗೂ ಹೇಳಿದೆ, ಸಿಟ್ಟಿನಿಂದಲೇ ಹೇಳಿದೆ. "ನಾ ಏನ ಅಂದೆ? ಕೆಟ್ಟದ್ದ ಅಂದೆನ? ಸುಳ್ಳ ಹೇಳಿದೆನ?" ಎಂದು ಅವರು ನನ್ನ ಮೇಲೆಯೇ ಏರಿಬಂದರು. ಅವತ್ತು ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮರುದಿನ ಕಾದಂಬರಿ ತೆಗೆದರೆ, "ಬ್ಯಾಡ, ಇಡ" ಎಂದರು. ಆ ಕತೆ ನಮ್ಮ ಮನೆಯಲ್ಲಿ ಮುಗಿಯಲೇ ಇಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಿಗೆ ಬಂದಳು. ಎಷ್ಟೋ ದಿನದ ಮೇಲೆ ಬಂದಿದ್ದಳು, ನಾನು ಹಿಗ್ಗಿ ಚಹಕ್ಕಿಡಲು ಹೋದೆ. ಅವಳು ಬೇಡವೆಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು.

"ನಾಳೆ ಬೀಳಗಿ ಕಡಿಂದ ಮಂದಿ ಬರಾಕತ್ತಾರ ವೈನಿ, ಹುಡುಗಿ ನೋಡಾಕ."

"ಛಲೋ ಆತಲ್ಲ ಅಕ್ಕಾ! ಈ ಸಲ ನಾನ ಮುಂದ ನಿಂತ..."

"ಅದನ್ನ ಹೇಳಾಕ ಬಂದೆ." ಅವಳು ನನ್ನ ಮುಖ ನೋಡಲಿಲ್ಲ. "ಸಿಟ್ಟ ಮಾಡ್ಕೋಬ್ಯಾಡ್ರಿ. ನಾಳೆ ಒಂದ ದಿನ ನೀವು ತವರಮನಿಗೆ ಹೋಗಿ ಬರ್ರಿ. ನಿಮ್ಮತ್ತಿಯಾರನ್ನೂ ಕರಕೊಂಡ ಹೋಗ್ರಿ."

ಒಳಗಿದ್ದ ಅತ್ತೆ ಕೇಳಿಸಿಕೊಂಡಿದ್ದರು. ಈಗ ಬೈಗುಳದ ಮಳೆ ಸುರಿಯುತ್ತದೆ ಎಂದು ನಾನು ಕಾದೆ. ಮರುದಿನ ನಾನು ಏಳುವ ಮೊದಲೇ ಅತ್ತೆ ಇಳಕಲ್ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮನೆಗೆ ಕೀಲಿ ಹಾಕಿದೆವು. ಮನೆಯವರು ಮಗ್ಗ ನಿಲ್ಲಿಸಿ ಪೇಟೆಗೆ ಹೋದರು.

ತವರಿನಲ್ಲಿ ಅವ್ವ ದಿಢೀರನೆ ಬಂದ ಬೀಗಿತ್ತಿಯನ್ನು ಕಂಡು ಗಾಬರಿಯಾಗಿ ಹೋಳಿಗೆಗೆ ಹೂರಣ ರುಬ್ಬಿದಳು. ಯಾಕೆ ಬಂದಿರಿ ಎಂದು ಕೇಳುವುದು ರೀತಿಯಲ್ಲ, ಆದರೂ ಅವಳ ಕಣ್ಣು ಕೇಳುತ್ತಲೇ ಇತ್ತು. "ಸುಮ್ಮನ ಬಂದ್ವಿ" ಎಂದೆ. ಅತ್ತೆ ಹೋಳಿಗೆ ಮುರಿದರು, ತಿನ್ನಲಿಲ್ಲ. ಯಾರದೂ ತಪ್ಪು ತೆಗೆಯಲಿಲ್ಲ. ಇಡೀ ದಿನ ಕಿಟಕಿಯ ಹತ್ತಿರ ಕೂತು ನಮ್ಮ ಅವ್ವನ ಓಣಿಯ ಹೆಂಗಸರು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಓಡಾಡುವುದನ್ನು ಹೊಸ ಕಣ್ಣಿನಿಂದ ನೋಡುತ್ತಿದ್ದರು.

ಬಿಸಿಲು ಇಳಿಯಿತು. ದೀಪ ಹಚ್ಚುವ ಹೊತ್ತಾಯಿತು. ಅವ್ವ ಇವತ್ತು ಇಲ್ಲೇ ಇರಿ ಎಂದು ಉಪಚಾರ ಮಾಡಿ ಒಳಗೆ ಹೋದಳು. ಇಡೀ ಓಣಿಯನ್ನು ಆಳುತ್ತಿದ್ದ ನನ್ನ ಅತ್ತೆ ಆಗ ನನ್ನ ಹತ್ತಿರ ಸರಿದು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಅವರು ಹೋಗಿರಬೇಕಲ್ಲ? ನಾವಿನ್ನ ನಮ್ಮ ಮನಿಗೆ ಹೋಗಬಹುದೇನ?"